ಮಕ್ಕಳ ಮನೋವ್ಯಾಧಿಯೂ ತಂದೆತಾಯಿಗಳ ಅಧಿಕಾರವೂ

2025ನೆಯ ಇಸವಿಯ ಜುಲೈ 25ರಂದು ದೇಶದ ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ಹದಿನೈದು ಅಂಶಗಳ ಆಜ್ಞೆಯೊಂದನ್ನು ಹೊರಡಿಸಿತು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು 2023ರಲ್ಲಿ ಮರಣ ಹೊಂದಿದಳು. ಅವಳ ತಂದೆಯು ನ್ಯಾಯವನ್ನು ಬೇಡುತ್ತ ಕೆಳಗಿನ ಕೋರ್ಟಿನಿಂದ ಮೇಲಿನ ಕೋರ್ಟಿಗೆ ಹತ್ತಿ ಹೋದನು. ಆ ಮೊಕದ್ದಮೆಯಿಂದ ಹುಟ್ಟಿದ ಆಜ್ಞೆಯಿದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ತರಬೇತಿ ಹೊಂದಿದ ಒಬ್ಬ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು; ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಬಂಧವನ್ನು ಕಲ್ಪಿಸಿಕೊಳ್ಳಬೇಕು. 2022ರ ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ಸರಕಾರದ ಅಪರಾಧ ದಾಖಲೆಗಳ ಲೆಕ್ಕವೇ ಹೇಳುತ್ತಿರುವಾಗ ಇಂಥ ಆಜ್ಞೆಯು ಬೇಗನೆ ಬಂತೆಂದು ಯಾರೂ ಅನ್ನಲಾರರು.

ಆಜ್ಞೆಯು ಯೋಗ್ಯವಾದುದು, ಅದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಅದು ಮುಖ್ಯವಾಗಿ ಶಾಲೆಯ ಕರ್ತವ್ಯವನ್ನು ಹೇಳುವಂಥದು. ಮನೆಯ ಹೊಸ್ತಿಲಲ್ಲಿ ಏಳುವ ಪ್ರಶ್ನೆಯು ಬೇರೆ. ಶಾಲೆಯಲ್ಲಿ ಮಗುವಿನ ಸಂಕಟವನ್ನು ಗುರುತಿಸಿದ್ದಾಯಿತು. ಮುಂದೆ ಅದಕ್ಕೆ ಔಷಧೋಪಚಾರವಾಗಬೇಕಾದರೆ ಯಾರ ಒಪ್ಪಿಗೆ ಬೇಕು? ತಂದೆಯದೋ, ತಾಯಿಯದೋ, ಮಗುವಿನದೋ? ತಂದೆತಾಯಿಗಳು ಒಲ್ಲೆವೆಂದರೆ ಏನು ಗತಿ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಎಷ್ಟು ಸಮಾಲೋಚಕರನ್ನು ನೇಮಿಸಿದರೂ ಕಾರ್ಯವು ಅರ್ಧಕ್ಕೆ ನಿಂತೀತು.

ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳಿದ್ದಾಳೆಂದು ವಾಚಕರು ಕಲ್ಪಿಸಿಕೊಳ್ಳಲಿ. ಮೂರು ತಿಂಗಳಿಂದ ಅವಳಿಗೆ ನಿದ್ದೆಯಿಲ್ಲ, ಊಟ ಸೇರದು, ಪುಸ್ತಕ ತೆರೆದರೆ ಓದು ತಲೆಗೆ ಹತ್ತದು, ಬದುಕಿ ಏನು ಫಲವೆಂದು ಗೆಳತಿಯ ಹತ್ತಿರ ಒಮ್ಮೆ ಅಂದಿದ್ದಾಳೆ. ತಂದೆಯು ದುಡಿಯಲು ಗೋವೆಗೆ ಹೋಗಿದ್ದಾನೆ. ತಾಯಿಯು ಕೂಲಿಗೆ ಹೋಗುತ್ತಾಳೆ. ಸಂಗತಿಯು ಹೊರಗೆ ಗೊತ್ತಾದರೆ ನಾಳೆ ಕನ್ಯೆಯನ್ನು ಕೇಳಲು ಯಾರು ಬಂದಾರೆಂದು ಅಜ್ಜನ ಚಿಂತೆ. ಗಾಳಿ ಸೋಕಿದೆಯೆಂದು ನೆರೆಯವರ ನಿರ್ಣಯ. ಮದುವೆ ಮಾಡಿಬಿಟ್ಟರೆ ತಾನೇ ಸರಿಹೋಗುತ್ತದೆಂದು ಬೀಗರ ಉಪದೇಶ. ಇಷ್ಟೆಲ್ಲ ಜನರು ಇಷ್ಟೆಲ್ಲ ಮಾತನಾಡಿದರೂ, ನಿನಗೆ ಏನಾಗಿದೆಯೆಂದು ಆ ಹುಡುಗಿಯನ್ನು ಕೇಳಿದವರು ಯಾರೂ ಇಲ್ಲ. ಇಂಥ ಮನೆಗಳು ಶಿಗ್ಗಾಂವಿಯಲ್ಲಿಲ್ಲವೆ, ಸವಣೂರಿನಲ್ಲಿಲ್ಲವೆ, ಹಿರೇಕೆರೂರಿನಲ್ಲಿಲ್ಲವೆ? ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ನೂರಕ್ಕೆ ಏಳು ಮಂದಿಗಿಂತ ತುಸು ಹೆಚ್ಚು ಮಕ್ಕಳಲ್ಲಿ ಮನೋವ್ಯಾಧಿಯು ಕಂಡುಬಂದಿತು. ನಮ್ಮ ನಾಲ್ಕು ತಾಲೂಕುಗಳು ಈ ಲೆಕ್ಕದ ಹೊರಗೆ ಉಳಿದಿವೆಯೆಂದು ನಂಬಲು ಕಾರಣವಿಲ್ಲ.

ಈಗ ಕಾಯಿದೆಯು ಏನು ಹೇಳುತ್ತದೆಂಬುದನ್ನು ನೋಡೋಣ. ಪರಕೀಯರ ಆಳಿಕೆಯಲ್ಲಿ ಹುಟ್ಟಿದ 1912ರ ಹುಚ್ಚರ ಕಾಯಿದೆಯು ರೋಗಿಯನ್ನು ಕೂಡಿಹಾಕಬೇಕಾದ ವಸ್ತುವೆಂಬಂತೆ ಕಂಡಿತು. ಸ್ವರಾಜ್ಯ ಬಂದ ನಂತರವೂ ಅದು ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ನಮ್ಮ ತಲೆಯ ಮೇಲೆ ಕುಳಿತಿತ್ತೆಂಬುದು ನಾಚಿಕೆಯ ಸಂಗತಿ. ಅದರ ಸ್ಥಾನಕ್ಕೆ ಬಂದ 1987ರ ಕಾಯಿದೆಯು ಜಾರಿಯಾದದ್ದು 1993ರಲ್ಲಿ. ಅದರ ಪ್ರಕಾರ ಪಾಲಕನ ಅರ್ಜಿಯ ಮೇಲೆ ಮಗುವನ್ನು ಮಾನಸಿಕ ದವಾಖಾನೆಗೆ ಸೇರಿಸಿಕೊಳ್ಳುವುದು ಬಹುಮಟ್ಟಿಗೆ ಸುಲಭವಾಗಿತ್ತು. 2017ರಲ್ಲಿ ಅಂಗೀಕಾರವಾಗಿ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯು ಈ ದಾರಿಯಲ್ಲಿ ಕಾವಲುಗಳನ್ನಿಟ್ಟಿತು.

ಈ ಕಾಯಿದೆಯ 15ನೆಯ ಕಲಮಿನಂತೆ ಹದಿನೆಂಟು ತುಂಬದವರಿಗೆಲ್ಲ ಅವರ ಕಾನೂನುಬದ್ಧ ಪಾಲಕರೇ ಪ್ರತಿನಿಧಿಗಳು. 87ನೆಯ ಕಲಮಿನಂತೆ ಮಗುವನ್ನು ದವಾಖಾನೆಗೆ ಸೇರಿಸಬೇಕಾದರೆ ಪ್ರತಿನಿಧಿಯ ಅರ್ಜಿಯೊಂದೇ ಸಾಲದು. ಇಬ್ಬರು ಮನೋವೈದ್ಯರು, ಇಲ್ಲವೆ ಒಬ್ಬ ಮನೋವೈದ್ಯರೂ ಮತ್ತೊಬ್ಬ ವೈದ್ಯರೋ ತಜ್ಞರೋ ಪ್ರತ್ಯೇಕವಾಗಿ ಪರೀಕ್ಷಿಸಿ, ಮನೆಯಲ್ಲಿಟ್ಟು ಮಾಡುವ ಉಪಚಾರವು ಸಾಲದೆಂದು ಒಪ್ಪಬೇಕು. ಮಗುವಿನ ಇಚ್ಛೆಯನ್ನು ತಿಳಿಯಲು ಸಾಧ್ಯವಿದ್ದರೆ ಅದನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕು. ಮಗುವನ್ನು ದೊಡ್ಡವರಿಂದ ಬೇರೆಯಾಗಿ ಇರಿಸಬೇಕು. ಪ್ರತಿನಿಧಿಯಾಗಲಿ ಅವರು ಗೊತ್ತುಮಾಡಿದವರಾಗಲಿ ಕೊನೆಯವರೆಗೂ ಜೊತೆಯಲ್ಲಿರಬೇಕು. ರೋಗಿಯು ಹುಡುಗಿಯಾಗಿದ್ದು ಪ್ರತಿನಿಧಿಯು ಗಂಡಸಾಗಿದ್ದರೆ ಹೆಂಗಸೊಬ್ಬಳು ಜೊತೆಗಿರಲೇಬೇಕು. ಸೇರಿಸಿಕೊಂಡ 72 ಗಂಟೆಗಳೊಳಗಾಗಿ ಪರಿಶೀಲನಾ ಮಂಡಳಿಗೆ ವರ್ದಿ ಹೋಗಬೇಕು. ಮೂವತ್ತು ದಿನ ಮೀರಿದರೆ ಮಂಡಳಿಯು ತಾನೇ ವಿಚಾರಣೆ ಮಾಡಬೇಕು. ಔಷಧೋಪಚಾರಕ್ಕೆ ಪ್ರತಿನಿಧಿಯ ಒಪ್ಪಿಗೆ ಬೇಕು. ಅವರು ಮಗುವನ್ನು ಕಳಿಸಿಕೊಡಿರೆಂದು ಕೇಳಿದರೆ ಕಳಿಸಿಕೊಡಬೇಕು. ವಿದ್ಯುತ್ ಚಿಕಿತ್ಸೆಯನ್ನು 95ನೆಯ ಕಲಮು ಮಕ್ಕಳಿಗೆ ನಿಷೇಧಿಸಿದೆ. ಅತ್ಯಗತ್ಯವೆಂದು ಮನೋವೈದ್ಯರಿಗೆ ತೋರಿದರೂ ಪಾಲಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಪೂರ್ವಾನುಮತಿ ಬೇಕು.

ಇವೆಲ್ಲವನ್ನೂ ಓದಿದವರಿಗೆ ಕಾಯಿದೆಯ ಅಭಿಪ್ರಾಯವು ಸ್ಪಷ್ಟವಾಗುತ್ತದೆ. ತಂದೆತಾಯಿಗಳ ಅಧಿಕಾರವನ್ನು ಅದು ಕಸಿದುಕೊಂಡಿಲ್ಲ. ಅದಕ್ಕೆ ಸಾಕ್ಷಿಗಳನ್ನು ಒದಗಿಸಿದೆ. ಮಗುವಿನ ಮೇಲೆ ಪಾಲಕರಿಗಿರುವ ಅಧಿಕಾರವು ಹೊಲದ ಮೇಲೆ ಒಡೆಯನಿಗಿರುವ ಹಕ್ಕಿನಂಥದಲ್ಲ. ಅದು ನಂಬಿ ಕೈಯಲ್ಲಿಟ್ಟ ಠೇವಣಿ. ಠೇವಣಿಯನ್ನು ಕಾಯುವವನು ಅದನ್ನು ತನ್ನ ಮರ್ಯಾದೆಗಾಗಿ ವೆಚ್ಚ ಮಾಡಲಾರನು. ಮಗುವಿನ ಹಿತಕ್ಕಾಗಿ ಎಷ್ಟು ಬೇಕೋ ಅಷ್ಟು ಅಧಿಕಾರ, ಅದಕ್ಕಿಂತ ಹೆಚ್ಚಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದ ಪ್ರಶ್ನೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆಂದು ನಮ್ಮ ನಂಬಿಕೆ.

ಆದರೆ ಪಾಲಕರನ್ನು ನಿಂದಿಸುವುದಕ್ಕೆ ಮೊದಲು ಅವರ ಪಕ್ಷವನ್ನೂ ಕೇಳಬೇಕು. ಪಟ್ಟಣದಲ್ಲಿ ಕುಳಿತು ಅಜ್ಞಾನಿಗಳೆಂದು ಹೀಗಳೆಯುವುದು ಸುಲಭ. ಹಿರೇಕೆರೂರಿನಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹೋಗಿ ಬರುವುದಕ್ಕೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋಗುತ್ತವೆ. ಗೋವಿನಜೋಳದ ಸುಗ್ಗಿಯಿದ್ದರೆ ಅದೂ ಇಲ್ಲ. ಮಗುವನ್ನು ಸೇರಿಸಿದರೆ ಜೊತೆಯಲ್ಲಿರಬೇಕೆಂಬುದು ಕಾಯಿದೆಯ ಕರುಣೆಯ ಮಾತು, ನಿಜ. ಆದರೆ ಆ ತಾಯಿಯು ದವಾಖಾನೆಯಲ್ಲಿ ಕುಳಿತಾಗ ಮನೆಯಲ್ಲಿರುವ ಬೇರೆ ಇಬ್ಬರು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಕೈಗೆ ಕೊಟ್ಟ ಕಾಗದದಲ್ಲಿ ಏನು ಬರೆದಿದೆಯೆಂದು ಆಕೆಗೆ ಓದಿ ಹೇಳುವವರು ಯಾರು? ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಔಷಧವು ಏನು, ಎಷ್ಟು ದಿನ, ಅದರಿಂದಾಗುವ ತೊಂದರೆಗಳೇನು, ಕೊಡದಿದ್ದರೆ ಏನಾದೀತೆಂಬುದನ್ನು ಅವಳ ಮಾತಿನಲ್ಲಿ ಹೇಳದೆ ತೆಗೆದುಕೊಂಡ ಸಹಿಯು ದವಾಖಾನೆಯ ರಕ್ಷಣೆಗಾಗಿ ಇರುವ ಕಾಗದವಾದೀತು. ಮಗುವಿನ ರಕ್ಷಣೆಗಾಗಿ ಅಲ್ಲ.

ಪೋಲೀಸರ ಭಯವೂ ಒಂದುಂಟು. ಮಗುವು ವಿಷ ಕುಡಿಯಲು ಹೋಯಿತೆಂದರೆ ಖಟ್ಲೆ ಬಂದೀತೆಂದು ಮುಚ್ಚಿಡುವವರು ಇನ್ನೂ ಇದ್ದಾರೆ. ಈ ಭಯಕ್ಕೆ ಈಗ ಆಧಾರವಿಲ್ಲ. ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಸಂಕಟದಲ್ಲಿದ್ದನೆಂದೇ ಭಾವಿಸಿ ಶಿಕ್ಷಿಸದಿರಬೇಕೆಂದು 2017ರ ಕಾಯಿದೆಯ 115ನೆಯ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಅದನ್ನು ಅಪರಾಧವೆಂದು ಹೇಳುತ್ತಿದ್ದ ಹಳೆಯ 309ನೆಯ ಕಲಮನ್ನು ಕೈಬಿಟ್ಟಿದೆ. ಮಗುವನ್ನು ದವಾಖಾನೆಗೆ ಒಯ್ಯುವ ತಂದೆಗೆ ಠಾಣೆಯ ಅಂಜಿಕೆ ಬೇಡ.

ತಂದೆಯ ಸಹಿಯೇ ಆಗಬೇಕೆಂದು ತಾಯಿಯನ್ನು ತಿರುಗಿ ಕಳಿಸುವ ರೂಢಿಯೂ ಕೆಲವೆಡೆ ಉಂಟು. 1956ರ ಹಿಂದೂ ಪಾಲಕತ್ವದ ಕಾಯಿದೆಯು ಮೊದಲು ತಂದೆ, ಅವನ ನಂತರ ತಾಯಿ ಎಂದಿತು. ಆದರೆ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ‘ನಂತರ’ವೆಂಬ ಮಾತಿಗೆ ಮರಣಾನಂತರವೆಂದಷ್ಟೇ ಅರ್ಥವಲ್ಲ, ತಂದೆಯು ಹತ್ತಿರವಿಲ್ಲದಾಗ ಅಥವಾ ಮಗುವಿನ ಯೋಗಕ್ಷೇಮವನ್ನು ನೋಡದಿರುವಾಗ ಎಂಬುದೂ ಅರ್ಥವೆಂದು ವಿವರಿಸಿದೆ. ಗಂಡಸರು ಗೋವೆಗೂ ಮಂಗಳೂರಿಗೂ ದುಡಿಯಲು ಹೋಗುವ ನಮ್ಮ ಸೀಮೆಗೆ ಈ ತೀರ್ಪು ಎಷ್ಟು ಉಪಕಾರಕವಾದುದೆಂದು ಬೇರೆ ಹೇಳಬೇಕಾಗಿಲ್ಲ. ಯಾವ ಧರ್ಮದವಳೇ ಆಗಲಿ, ಮಗುವಿನ ಕೈಹಿಡಿದು ದವಾಖಾನೆಯ ಬಾಗಿಲಿಗೆ ಬಂದು ನಿಂತ ತಾಯಿಯು ಆ ಹೊತ್ತಿನಲ್ಲಿ ಪಾಲಕಳಲ್ಲವೆನ್ನುವುದು ಯಾವ ನ್ಯಾಯ?

ಇನ್ನು ಕಾಯಿದೆಯು ಬಿಟ್ಟ ತೆರಪಿನ ಮಾತು. ಒಳರೋಗಿಯಾಗಿ ಸೇರುವ ಮಗುವಿನ ಸಂಬಂಧವಾಗಿ ಇಷ್ಟು ವಿವರವಾಗಿ ಹೇಳಿದ ಕಾಯಿದೆಯು, ಕೇವಲ ಮಾತನಾಡಲು ಬಂದ ಮಗುವಿನ ಸಂಬಂಧವಾಗಿ ಅಷ್ಟು ಸ್ಪಷ್ಟವಾಗಿ ಹೇಳಿಲ್ಲ. ಸಂಕಟದಲ್ಲಿರುವ ಮಕ್ಕಳಲ್ಲಿ ಬಹುಮಂದಿಗೆ ಬೇಕಾದದ್ದು ದವಾಖಾನೆಯ ಮಂಚವಲ್ಲ, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಂದು ಗಂಟೆ. ಹನ್ನೆರಡು ತುಂಬದ ಮಗುವಿನ ಒಪ್ಪಿಗೆಯು ಒಪ್ಪಿಗೆಯಲ್ಲವೆಂದು ನಮ್ಮ ದಂಡಶಾಸನವು ಮೊದಲಿನಿಂದಲೂ ಹೇಳುತ್ತ ಬಂದಿದೆ. ಹದಿನೆಂಟು ತುಂಬಿದವನು ಪೂರ್ಣ ಸ್ವತಂತ್ರನೆಂಬುದೂ ನಿರ್ವಿವಾದ. ಇವೆರಡರ ನಡುವಿನ ಆರು ವರ್ಷಗಳಲ್ಲಿಯೇ ಎಳೆಯ ಮನಸ್ಸಿಗೆ ಹೆಚ್ಚಿನ ಗಾಳಿಮಳೆ. ಆ ಆರು ವರ್ಷಗಳ ಮಟ್ಟಿಗೆ ಶಾಲೆಯ ಸಮಾಲೋಚಕರಿಗೂ ತಾಲೂಕಿನ ವೈದ್ಯರಿಗೂ ಖಚಿತವಾದ ನಿಯಮವಿಲ್ಲದ್ದರಿಂದ, ಸುಮ್ಮನೆ ತೊಡಕಿನಲ್ಲಿ ಸಿಕ್ಕೇವೆಂದು ಅವರು ಕೈಕಟ್ಟಿ ಕೂಡ್ರುವ ಸಂಭವವಿದೆ. ಮಗುವಿಗೂ ಅಂಜಿಕೆ: ತಾನು ಹೇಳಿದ್ದನ್ನೆಲ್ಲ ವೈದ್ಯರು ಸಂಜೆಯೊಳಗೆ ಅಪ್ಪನಿಗೆ ಹೇಳಿಬಿಟ್ಟರೆ? ರೋಗಿಯ ಗುಟ್ಟನ್ನು ಕಾಯಬೇಕೆನ್ನುವ 23ನೆಯ ಕಲಮು, ಪ್ರತಿನಿಧಿಯು ತನ್ನ ಕರ್ತವ್ಯವನ್ನು ಮಾಡಲು ಬೇಕಾದುದನ್ನು ತಿಳಿಸಬಹುದೆನ್ನುತ್ತದೆ. ‘ಬೇಕಾದುದನ್ನು’ ಎಂದಿದೆ, ‘ಎಲ್ಲವನ್ನೂ’ ಎಂದಿಲ್ಲ. ಈ ಭೇದವನ್ನು ನಮ್ಮ ವೈದ್ಯರು ಮರೆಯಬಾರದು.

ಈ ಕಗ್ಗಂಟು ನಮ್ಮಲ್ಲಿ ಮಾತ್ರ ಇರುವಂಥದಲ್ಲ. ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ, ಮಗುವನ್ನು ಮಾನಸಿಕ ದವಾಖಾನೆಗೆ ಸೇರಿಸುವ ಅಧಿಕಾರವು ಪಾಲಕರಿಗಿದೆ, ಆದರೆ ಪಕ್ಷಪಾತವಿಲ್ಲದ ವೈದ್ಯರೊಬ್ಬರು ಪರೀಕ್ಷಿಸಿ ಒಪ್ಪಬೇಕು ಎಂದಿತು. ಇಂಗ್ಲಂಡದ ಪ್ರಭುಸಭೆಯು 1985ರಲ್ಲಿ, ಹದಿನಾರು ತುಂಬದಿದ್ದರೂ ಚಿಕಿತ್ಸೆಯ ಸ್ವರೂಪವನ್ನು ಚೆನ್ನಾಗಿ ತಿಳಿಯಬಲ್ಲ ಮಗುವು ತಾನೇ ಒಪ್ಪಿಗೆ ಕೊಡಬಹುದೆಂದು ತೀರ್ಮಾನಿಸಿತು. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯು, ಮಗುವು ಬೆಳೆದಂತೆಲ್ಲ ಅದರ ಮಾತಿಗೆ ತೂಕವೂ ಬೆಳೆಯಬೇಕೆನ್ನುತ್ತದೆ. ಹೊರನಾಡಿನವರ ಮಾತನ್ನು ನಾವು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಮಗನು ಹದಿನಾರರವನಾದಾಗ ಅವನನ್ನು ಗೆಳೆಯನಂತೆ ಕಾಣಬೇಕೆಂದು ನಮ್ಮ ಹಿರಿಯರು ಪಾಠಶಾಲೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿದ್ದರಷ್ಟೆ. ಗೆಳೆಯನಿಗೆ ಔಷಧ ಕುಡಿಸುವಾಗ ನಾವು ಅವನನ್ನು ಕೇಳುವುದಿಲ್ಲವೆ?

ಇದರ ಮೇಲಿಂದ ಪಾಲಕರನ್ನು ಹೊರಗಿಟ್ಟು ಸರಕಾರವೇ ಮಕ್ಕಳನ್ನು ನೋಡಿಕೊಳ್ಳಲೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ನೋಡುವ ವೈದ್ಯರಿಗಿಂತ ಹಗಲಿರುಳು ನೋಡುವ ತಾಯಿಗೆ ಮಗುವಿನ ಸಂಗತಿಯು ಹೆಚ್ಚಾಗಿ ಗೊತ್ತಿರುತ್ತದೆ. ಗುಳಿಗೆಯನ್ನು ತಪ್ಪದೆ ಕೊಡುವವಳೂ ಅವಳೇ, ರಾತ್ರಿ ಎಚ್ಚರವಿದ್ದು ಕಾಯುವವಳೂ ಅವಳೇ. ಅವಳನ್ನು ಬಿಟ್ಟು ಮಾಡಿದ ಚಿಕಿತ್ಸೆಯು ನಿಲ್ಲದು. ಅವಸರದಿಂದ ಗುಳಿಗೆ ಬರೆದುಕೊಡುವ ವೈದ್ಯರನ್ನು ಇದು ನನ್ನ ಮಗುವಿಗೆ ಏಕೆ ಬೇಕೆಂದು ಕೇಳುವ ಹಕ್ಕು ಪಾಲಕರಿಗಿರಲೇಬೇಕು. ಆದರೆ ಕೇಳುವ ಹಕ್ಕು ಬೇರೆ, ಮುಚ್ಚಿಡುವ ಹಕ್ಕು ಬೇರೆ. ಮಗುವಿನ ದುಃಖಕ್ಕೆ ಮನೆಯೊಳಗಿನವರೇ ಕಾರಣರಾಗಿದ್ದರೆ ಆ ಮನೆಯ ಸಹಿಯನ್ನು ಕಾಯುತ್ತ ಕೂಡ್ರುವುದು ಅನ್ಯಾಯ. ಮಗುವಿನ ಮೇಲೆ ಲೈಂಗಿಕ ಅತ್ಯಾಚಾರವಾಗಿದೆಯೆಂದು ತಿಳಿದವರು ಅದನ್ನು ಪೋಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯು ವಿಧಿಸಿದೆ. ಅಲ್ಲಿ ಯಾವ ಪಾಲಕರ ಅಪ್ಪಣೆಯೂ ಬೇಕಿಲ್ಲ.

ದೈವಭಕ್ತಿಯ ಮಾತನ್ನು ಹಗುರಾಗಿ ಆಡಲು ನಮಗೆ ಇಷ್ಟವಿಲ್ಲ. ಕನಕದಾಸರು ಹುಟ್ಟಿದ ಬಾಡವೂ ಶರೀಫ ಸಾಹೇಬರ ಶಿಶುನಾಳವೂ ಶಿಗ್ಗಾಂವಿ ತಾಲೂಕಿನಲ್ಲಿಯೇ ಇವೆ. ಈ ನೆಲದ ಜನರಿಗೆ ಮಠದ ಗದ್ದುಗೆಯೂ ದರ್ಗೆಯೂ ಸಮಾಧಾನದ ಸ್ಥಾನಗಳಾಗಿವೆ. ಮಗುವಿಗಾಗಿ ಹರಕೆ ಹೊರುವ ತಾಯಿಯನ್ನು ನಾವು ತಡೆಯುವವರಲ್ಲ. ಹರಕೆಯೂ ಇರಲಿ, ಔಷಧವೂ ಇರಲಿ. ಆದರೆ ದೆವ್ವ ಬಿಡಿಸುವ ನೆಪದಿಂದ ಮಗುವನ್ನು ಕಟ್ಟಿಹಾಕಿ ಹೊಡೆಯುವುದಕ್ಕೆ ಭಕ್ತಿಯೆಂಬ ಹೆಸರು ಸಲ್ಲದು. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಿಂದ ಬಿಗಿದಿದ್ದ ರೋಗಿಗಳು ಓಡಲಾರದೆ ಸತ್ತರು. ಪ್ರಾಣ ಕಳೆದುಕೊಂಡವರು 28 ಮಂದಿ. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಬಹುಮಟ್ಟಿಗೆ ಮನೆಯವರೇ. ಈಗ 2017ರ ಕೇಂದ್ರ ಕಾಯಿದೆಯು ಸರಪಳಿಯನ್ನು ನಿಷೇಧಿಸಿದೆ. ಅದೇ ವರ್ಷ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನುಷ ಅನಿಷ್ಟ ಪದ್ಧತಿಗಳ ಕಾಯಿದೆಯು ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ಅಪರಾಧವೆಂದಿದೆ. ಪಾಲಕರ ಒಪ್ಪಿಗೆಯು ಇಂಥ ಹಿಂಸೆಗೆ ರಕ್ಷಾಪತ್ರವಾಗಲಾರದು.

ಹಾಗಾದರೆ ಪಾಲಕರು ಹಟದಿಂದ ಒಲ್ಲೆವೆಂದಾಗ ದಾರಿಯೇನು? ದಾರಿಯು ಕಾಗದದ ಮೇಲೆ ಇದೆ. ಪಾಲಕರು ಮಗುವಿನ ಹಿತವನ್ನು ನೋಡುತ್ತಿಲ್ಲವೆಂದು ಕಂಡರೆ ಬೇರೊಬ್ಬ ಪ್ರತಿನಿಧಿಯನ್ನು ನೇಮಿಸಲು ಪರಿಶೀಲನಾ ಮಂಡಳಿಗೆ 15ನೆಯ ಕಲಮು ಅಧಿಕಾರ ಕೊಟ್ಟಿದೆ. ಜೀವಾಪಾಯದ ಸಮಯದಲ್ಲಿ ಪ್ರತಿನಿಧಿಯು ಸಿಕ್ಕದಿದ್ದರೆ ಅವರ ಒಪ್ಪಿಗೆಗಾಗಿ ಕಾಯದೆ ಯಾವ ನೋಂದಾಯಿತ ವೈದ್ಯರೂ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಮಾಡಬಹುದೆಂದು 94ನೆಯ ಕಲಮು ಹೇಳುತ್ತದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಸುಳ್ಳೆ? ಮಂಡಳಿಯೆಂಬುದೊಂದಿದೆಯೆಂದು ಸವಣೂರಿನ ಪೇಟೆಯಲ್ಲಿ ಎಷ್ಟು ಮಂದಿ ಬಲ್ಲರು? ಅದಕ್ಕೆ ಅರ್ಜಿಯನ್ನು ಎಲ್ಲಿ ಕೊಡಬೇಕೆಂದು ಶಾಲೆಯ ಮುಖ್ಯಾಧ್ಯಾಪಕರಾದರೂ ಬಲ್ಲರೆ? ಜನರಿಗೆ ತಿಳಿಯದ ಹಕ್ಕು ಪೆಟ್ಟಿಗೆಯೊಳಗಿನ ದೀಪ.

ಆದಕಾರಣ ಸರಕಾರಕ್ಕೂ ಜಿಲ್ಲೆಯ ಅಧಿಕಾರಿಗಳಿಗೂ ನಮ್ಮ ಸೂಚನೆಗಳು ಇವು. ಒಂದನೆಯದು: ಹನ್ನೆರಡು ತುಂಬಿದ ಯಾವ ಮಗುವೇ ಆಗಲಿ ಸಮಾಲೋಚಕರೊಡನೆಯೋ ವೈದ್ಯರೊಡನೆಯೋ ಮೊದಲು ಮಾತನಾಡುವುದಕ್ಕೆ ಯಾರ ಸಹಿಯೂ ಬೇಡವೆಂದು ಸ್ಪಷ್ಟವಾದ ನಿಯಮವಾಗಲಿ, ಔಷಧವನ್ನು ಆರಂಭಿಸುವ ಮೊದಲು ಪಾಲಕರನ್ನು ಕರೆಯಿಸಲಿ. ಎರಡನೆಯದು: ತಾಯಿಯ ಸಹಿಯು ಸಾಕೆಂದು ಎಲ್ಲ ದವಾಖಾನೆಗಳಿಗೂ ಆಜ್ಞೆ ಹೋಗಲಿ. ಮೂರನೆಯದು: ಒಪ್ಪಿಗೆಯ ಕಾಗದವು ತಿಳಿಯಾದ ಕನ್ನಡದಲ್ಲಿರಲಿ, ಸವಣೂರಿನಂಥ ಊರುಗಳಲ್ಲಿ ಉರ್ದುವಿನಲ್ಲಿಯೂ ಇರಲಿ, ಅದನ್ನು ಓದಿ ಹೇಳಿದವರ ಹೆಸರೂ, ಮಗುವು ಏನೆಂದಿತೆಂಬುದೂ ಅದರಲ್ಲಿಯೇ ದಾಖಲಾಗಲಿ. ನಾಲ್ಕನೆಯದು: ಮನೋಚೈತನ್ಯ ಯೋಜನೆಯಂತೆ ಗೊತ್ತಾದ ಮಂಗಳವಾರ ಮನೋವೈದ್ಯರು ತಾಲೂಕಿನ ದವಾಖಾನೆಗೆ ಬರತಕ್ಕ ಏರ್ಪಾಡು ನಮ್ಮ ನಾಲ್ಕು ತಾಲೂಕುಗಳಲ್ಲಿಯೂ ವಾರವಾರ ತಪ್ಪದೆ ನಡೆಯಲಿ, ಅದರಲ್ಲಿ ಒಂದು ಹೊತ್ತು ಮಕ್ಕಳಿಗೇ ಮೀಸಲಾಗಲಿ. ಐದನೆಯದು: ಮಂಡಳಿಯ ವಿಳಾಸವನ್ನು ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ಬರೆಯಿಸಲಿ. ಅದರ ಕೆಳಗೆ 14416 ಎಂಬ ಅಂಕಿಯೂ ಇರಲಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸೇವೆಗೆ ಈ ದೂರವಾಣಿಯಿಂದ ಯಾರೂ ಕರೆಮಾಡಬಹುದು.

ಪಾಲಕರಿಗೆ ನಮ್ಮದು ಸೂಚನೆಯಲ್ಲ, ವಿಜ್ಞಾಪನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಆದರೆ ಮನಸ್ಸಿನ ಹುಣ್ಣಿಗೆ ಕನ್ನಡಿಯೂ ಬೇಕು, ಅದನ್ನು ಹಿಡಿಯುವ ಕೈಯೂ ಬೇಕು. ಮಗುವಿಗೆ ವಿಷಮಜ್ವರ ಬಂದರೆ ಊರೆಲ್ಲ ಕೇಳುವಂತೆ ವೈದ್ಯರನ್ನು ಕರೆಯುವ ನಾವು, ಮನಸ್ಸು ಕಂದಿದರೆ ಕದ ಹಾಕಿಕೊಳ್ಳುವುದೇಕೆ? ಮನೆತನದ ಮರ್ಯಾದೆಯು ಮಗುವಿನ ರೋಗದಿಂದ ಹೋಗುವುದಿಲ್ಲ, ಮಗುವೇ ಹೋದರೆ ಆ ಮರ್ಯಾದೆಯನ್ನು ಇಟ್ಟುಕೊಂಡು ಮಾಡುವುದೇನು?

ನಾವು ಕಲ್ಪಿಸಿಕೊಂಡ ಆ ಹುಡುಗಿಯು ಈ ಹೊತ್ತು ಶಾಲೆಯ ಕೊನೆಯ ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದಾಳೆ. ಅಜ್ಜನು ಮಾತನಾಡಿದ್ದಾನೆ, ನೆರೆಯವರು ಮಾತನಾಡಿದ್ದಾರೆ, ಬೀಗರು ಮಾತನಾಡಿದ್ದಾರೆ. ಕಾಯಿದೆಯೂ ನ್ಯಾಯಾಲಯವೂ ಮಾತನಾಡಿವೆ. ಇನ್ನು ಯಾರಾದರೊಬ್ಬರು ಅವಳ ಹತ್ತಿರ ಕುಳಿತು ಅವಳ ಮಾತನ್ನು ಕೇಳಬೇಕಾಗಿದೆ. ಅದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.